ಬುಟಿಬೋರಿಯ ಬಾಕಿ ಪಟ್ಟಿ: ಮಾಲೀಕ ಮತ್ತು ಲೆಕ್ಕಿಗರ ನಡುವಿನ ಮೌನ

ನಾಗಪುರದಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ಸಾಗಿದರೆ, ಹೈದರಾಬಾದಿನ ಹೆದ್ದಾರಿಯಿಂದ ವರ್ಧಾ ರಸ್ತೆ ಕವಲೊಡೆಯುವಲ್ಲಿ ಬುಟಿಬೋರಿ ಸಿಗುತ್ತದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ದೊಡ್ಡ ವಸಾಹತುಗಳಲ್ಲಿ ಇದೂ ಒಂದು. ಪಾಲಿಯೆಸ್ಟರ್ ನೂಲು, ವಾಹನಗಳ ಟೈರು, ವಿದ್ಯುತ್ ಪ್ರಸರಣದ ಉಕ್ಕಿನ ಗೋಪುರ ಮುಂತಾದವನ್ನು ತಯಾರಿಸುವ ಭಾರೀ ಕಾರ್ಖಾನೆಗಳು ಇಲ್ಲಿವೆ. ನಾನು ಬರೆಯಹೊರಟಿರುವುದು ಅವುಗಳ ಬಗ್ಗೆ ಅಲ್ಲ. ಇಂಥ ಯಾವುದೇ ವಸಾಹತಿನ ಒಳರಸ್ತೆಗಳಲ್ಲಿ, ತಗಡಿನ ಛಾವಣಿಯ ಕೆಳಗೆ ದುಡಿಯುವ ಸಣ್ಣ ಘಟಕಗಳ ಬಗ್ಗೆ: ಉಕ್ಕು ಕತ್ತರಿಸಿ ಬೆಸುಗೆ ಹಾಕುವವರು, ಲೇತ್ ಯಂತ್ರದವರು, ರಟ್ಟಿನ ಪೆಟ್ಟಿಗೆ ಮಾಡುವವರು, ಬಿಡಿಭಾಗಗಳಿಗೆ ಬಣ್ಣ ಬಳಿದು ಕೊಡುವವರು. ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯ, ಇಚಲಕರಂಜಿಯ ಮಗ್ಗದ ಶೆಡ್ಡುಗಳನ್ನು ಕಂಡ ಓದುಗರಿಗೆ ಈ ಚಿತ್ರ ಹೊಸತೇನಲ್ಲ. ಊರು ಬಿಟ್ಟು ಬಂದ ನಮ್ಮ ಅನೇಕ ಕುಟುಂಬಗಳ ಅನ್ನ ಇಂಥ ಶೆಡ್ಡುಗಳಲ್ಲಿಯೇ ಬೇಯುತ್ತಿದೆ.

ಈ ಘಟಕಗಳ ಮಾಲೀಕರಿಗೆ ಲೆಕ್ಕಪರಿಶೋಧಕ ಯಾರು? ವೃತ್ತಿಯಲ್ಲಿರುವ ನನ್ನಂಥವನು ಈ ಪ್ರಶ್ನೆಗೆ ಕೊಡಬೇಕಾದ ಪ್ರಾಮಾಣಿಕ ಉತ್ತರ ಅಷ್ಟೇನೂ ಹಿತವಾದುದಲ್ಲ. ಅವರ ಪಾಲಿಗೆ ಆತ ಜಿಎಸ್‌ಟಿ ತುಂಬುವವನು, ರಿಟರ್ನ್ ಹಾಕುವವನು, ನೋಟಿಸು ಬಂದರೆ ಉತ್ತರ ಬರೆಯುವವನು. ಪ್ರತಿ ತಿಂಗಳು 11ನೇ ತಾರೀಖಿನೊಳಗೆ ಮಾರಾಟದ ವಿವರ, 20ನೇ ತಾರೀಖಿನೊಳಗೆ ತೆರಿಗೆ. ಈ ಎರಡು ದಿನಗಳ ಆಸುಪಾಸಿನಲ್ಲಿ ಫೋನು ಗುನುಗುತ್ತದೆ, ಬಿಲ್ಲುಗಳ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದು ಬೀಳುತ್ತವೆ, ಮತ್ತೆ ಮೌನ. ಸೆಪ್ಟೆಂಬರಿನಲ್ಲಿ ತೆರಿಗೆ ಲೆಕ್ಕಪರಿಶೋಧನೆಯ ಗಡುವು ಸಮೀಪಿಸಿದಾಗ ವರ್ಷದ ಲಾಭ ಎಷ್ಟೆಂಬ ಮಾತು ಮೊದಲ ಬಾರಿಗೆ ಬರುತ್ತದೆ. ಆಗ ಆ ವರ್ಷ ಮುಗಿದು ಆರು ತಿಂಗಳಾಗಿರುತ್ತದೆ. ಸರಿಪಡಿಸಲು ಏನೂ ಉಳಿದಿರುವುದಿಲ್ಲ, ಬರೆದಿಡಲು ಮಾತ್ರ ಉಳಿದಿರುತ್ತದೆ.

ಸಣ್ಣ ಉದ್ಯಮಗಳು ನಷ್ಟದಿಂದ ಸಾಯುತ್ತವೆ ಎಂದು ಹೊರಗಿನವರು ತಿಳಿಯುತ್ತಾರೆ. ಹಲವು ಘಟಕಗಳು ಕಾಗದದ ಮೇಲೆ ಲಾಭದಲ್ಲಿರುವಾಗಲೇ ಬೀಗ ಹಾಕಿಕೊಳ್ಳುತ್ತವೆ. ಅದು ಹೇಗೆಂಬುದನ್ನು ಒಂದೇ ಒಂದು ಬಿಲ್ಲಿನಲ್ಲಿ ತೋರಿಸಬಹುದು. ಉಕ್ಕಿನ ಕೆಲಸ ಮಾಡುವ ಒಂದು ಘಟಕವು ಏಪ್ರಿಲ್ 5ರಂದು ದೊಡ್ಡ ಗ್ರಾಹಕನಿಗೆ 10 ಲಕ್ಷ ರೂಪಾಯಿಯ ಸರಕು ಕಳುಹಿಸಿತು ಎಂದಿಟ್ಟುಕೊಳ್ಳೋಣ. ಶೇ. 18ರ ದರದಲ್ಲಿ ಜಿಎಸ್‌ಟಿ 1,80,000 ರೂಪಾಯಿ. ಬಿಲ್ಲಿನ ಮೊತ್ತ 11,80,000. ಕಚ್ಚಾ ಮಾಲಿಗೆ 6 ಲಕ್ಷ ಕೊಟ್ಟು ಅದರ ಮೇಲಿನ 1,08,000 ರೂಪಾಯಿ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆದರೂ, ಉಳಿದ 72,000 ರೂಪಾಯಿಯನ್ನು ಮೇ 20ರೊಳಗೆ ನಗದಾಗಿ ಕಟ್ಟಲೇಬೇಕು. ವಹಿವಾಟು 5 ಕೋಟಿಯೊಳಗಿದ್ದು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸೌಲಭ್ಯ ಆರಿಸಿಕೊಂಡವರಿಗೂ ಹಣ ಕಟ್ಟುವುದು ತಿಂಗಳು ತಿಂಗಳೇ. ಗ್ರಾಹಕ ದುಡ್ಡು ಕೊಟ್ಟನೇ ಇಲ್ಲವೇ ಎಂದು ಕಾನೂನು ಕೇಳುವುದಿಲ್ಲ. ಬಿಲ್ಲು ಹರಿದರೆ ತೆರಿಗೆ ಹುಟ್ಟಿತು. ತಡವಾದರೆ ವಾರ್ಷಿಕ ಶೇ. 18ರ ಬಡ್ಡಿ.

ಗ್ರಾಹಕ ಹಣ ಕೊಡುವುದು ನೂರಿಪ್ಪತ್ತು ದಿನಕ್ಕೆ, ಅಂದರೆ ಆಗಸ್ಟ್ ಆರಂಭದಲ್ಲಿ. ಅಷ್ಟರಲ್ಲಿ ಕೂಲಿ, ವಿದ್ಯುತ್ತು, ಉಕ್ಕಿನ ವ್ಯಾಪಾರಿಯ ಬಾಕಿ, ಸರ್ಕಾರದ ತೆರಿಗೆ ಎಲ್ಲವೂ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ಹೋಗಬೇಕು. ಬ್ಯಾಂಕಿನ ಬಡ್ಡಿ ಶೇ. 11 ಎಂದು ಹಿಡಿದರೂ 45 ದಿನಗಳಾಚೆಯ 75 ದಿನಗಳಿಗೆ ಈ ಒಂದು ಬಿಲ್ಲಿನ ಮೇಲೆ ತಗಲುವ ಬಡ್ಡಿ ಸುಮಾರು 26,700 ರೂಪಾಯಿ. ಈ ಕೆಲಸದಲ್ಲಿ ಮಾಲೀಕ ಗಳಿಸಿದ್ದು ಶೇ. 8, ಅಂದರೆ 80,000 ರೂಪಾಯಿಯಾಗಿದ್ದರೆ ಅದರಲ್ಲಿ ಮೂರನೇ ಒಂದು ಭಾಗ ಕಾಯುವುದಕ್ಕೇ ಕರಗಿಹೋಯಿತು. ಬಡ್ಡಿಯನ್ನು ಬ್ಯಾಂಕು ತಿಂಗಳ ಕೊನೆಗೆ ಒಟ್ಟಾಗಿ ಕಡಿಯುವುದರಿಂದ ಯಾವ ಗ್ರಾಹಕನಿಂದ ಎಷ್ಟು ಬಡ್ಡಿ ಹುಟ್ಟಿತೆಂಬುದು ಮಾಲೀಕನಿಗೆ ಕಾಣುವುದೇ ಇಲ್ಲ. ಕಾಣಿಸಬೇಕಾದವನು ಲೆಕ್ಕಿಗ. ಅವನ ಬಳಿ ಬಿಲ್ಲುಗಳಿವೆ, ಬ್ಯಾಂಕಿನ ವಿವರಗಳಿವೆ, ಟ್ಯಾಲಿ ತಂತ್ರಾಂಶದಲ್ಲಿ ಎರಡು ಗುಂಡಿ ಒತ್ತಿದರೆ ಯಾವ ಬಾಕಿಗೆ ಎಷ್ಟು ದಿನ ವಯಸ್ಸಾಯಿತೆಂಬ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಕೊಡು ಎಂದು ಮಾಲೀಕ ಕೇಳುವುದಿಲ್ಲ. ನೋಡಿ ಎಂದು ಲೆಕ್ಕಿಗ ಒಯ್ಯುವುದಿಲ್ಲ.

ಬಾಕಿಯ ವಿಷಯದಲ್ಲಿ ಕಾನೂನು ಸುಮ್ಮನಿಲ್ಲ. 1993ರಲ್ಲೇ ಸಣ್ಣ ಹಾಗೂ ಪೂರಕ ಕೈಗಾರಿಕೆಗಳಿಗೆ ವಿಳಂಬ ಪಾವತಿಯ ಮೇಲೆ ಬಡ್ಡಿ ಕೊಡಿಸುವ ಕಾಯ್ದೆ ಬಂದಿತ್ತು. ಅದನ್ನು ರದ್ದುಪಡಿಸಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆಯ 15ನೇ ಕಲಮಿನಂತೆ, ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರನ ಹಣ ಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ತೋರಿಸುವಂತೆಯೂ ಇಲ್ಲ. ಇಷ್ಟು ಕಠಿಣವಾದ ಕಾಯ್ದೆ ಹದಿನೇಳು ವರ್ಷ ಬಹುಮಟ್ಟಿಗೆ ಪುಸ್ತಕದಲ್ಲೇ ಮಲಗಿತ್ತು. ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಅಲಿಖಿತ ಕಾಯ್ದೆ.

2023ರ ಹಣಕಾಸು ಕಾಯ್ದೆ ಈ ನಿದ್ದೆಯನ್ನು ಕೆಡಿಸಿತು. ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ‘ಎಚ್’ ಎಂಬ ಉಪವಾಕ್ಯ ಸೇರಿ, ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಸಕಾಲದಲ್ಲಿ ಕೊಡದ ಹಣವನ್ನು ಕೊಳ್ಳುವವನು ಆ ವರ್ಷದ ವೆಚ್ಚವಾಗಿ ಕಳೆಯುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಕಳೆಯಬಹುದು ಎಂದಾಯಿತು. 2023-24ರ ಲೆಕ್ಕಕ್ಕೇ ಇದು ಅನ್ವಯಿಸಿತು. 2024ರ ಮಾರ್ಚಿಗೆ ಮುನ್ನ ದೇಶದ ಪೇಟೆಗಳಲ್ಲಿ ಎದ್ದ ಗದ್ದಲ ಓದುಗರಿಗೆ ನೆನಪಿರಬಹುದು. ಸೂರತ್ತಿನಂಥ ಜವಳಿ ಪೇಟೆಗಳು ಪ್ರತಿಭಟಿಸಿದವು, ನಿಯಮವನ್ನು ಮುಂದೂಡಿ ಎಂಬ ಮನವಿಗಳು ದೆಹಲಿಗೆ ಹೋದವು. 1961ರ ಕಾಯ್ದೆಯ ಸ್ಥಾನಕ್ಕೆ 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಬಂದರೂ ಈ ನಿಯಮ ಉಳಿದುಕೊಂಡಿದೆ. ಕಲಮಿನ ಸಂಖ್ಯೆ ಮಾತ್ರ ಬೇರೆ.

ಇಲ್ಲೊಂದು ಸೂಕ್ಷ್ಮವಿದೆ. ಮಾಲೀಕರಲ್ಲಿ ಹೆಚ್ಚಿನವರು ಇದನ್ನು ಅರಿತಿಲ್ಲ. ಕೊಳ್ಳುವವರ ಕಡೆಯ ಲೆಕ್ಕಿಗರು ಮಾತ್ರ ಚೆನ್ನಾಗಿ ಬಲ್ಲರು. ಈ ನಿಯಮ ಕಚ್ಚುವುದು ಮಾರ್ಚ್ 31ರಂದು ಮಾತ್ರ. ಏಪ್ರಿಲ್‌ನಲ್ಲಿ ಬಂದ ಸರಕಿಗೆ ಮುಂದಿನ ಮಾರ್ಚ್ 30ರಂದು ಹಣ ಕೊಟ್ಟರೂ ವೆಚ್ಚ ಅದೇ ವರ್ಷದಲ್ಲಿ ಸಿಗುತ್ತದೆ; ಸುಮಾರು ಮುನ್ನೂರೈವತ್ತು ದಿನಗಳ ವಿಳಂಬಕ್ಕೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ಶಿಕ್ಷೆಯೇ ಇಲ್ಲ. ಆದ್ದರಿಂದಲೇ ಮಾರ್ಚಿನ ಕೊನೆಯ ವಾರದಲ್ಲಿ ಹಣ ಬರುವುದು, ಮಿಕ್ಕ ತಿಂಗಳುಗಳಲ್ಲಿ ಹಳೆಯ ಚಾಳಿಯೇ ನಡೆಯುವುದು. 2006ರ ಕಾಯ್ದೆಯ ಚಕ್ರಬಡ್ಡಿಯಾದರೋ ವರ್ಷದ ಪ್ರತಿ ದಿನಕ್ಕೂ ಅನ್ವಯಿಸುತ್ತದೆ. ಒಂದರ ಭಯ ಎಲ್ಲರಿಗೂ ಇದೆ, ಇನ್ನೊಂದರ ಹಕ್ಕನ್ನು ಕೇಳುವವರೇ ಇಲ್ಲ. ಜೊತೆಗೆ, ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರಿಯ ಸಗಟು, ಚಿಲ್ಲರೆ ವ್ಯಾಪಾರಿಗಳನ್ನು 2021ರಲ್ಲಿ ಈ ನೋಂದಣಿಗೆ ಸೇರಿಸಿಕೊಂಡದ್ದು ಆದ್ಯತಾ ವಲಯದ ಸಾಲದ ಮಟ್ಟಿಗಷ್ಟೇ. ಮಧ್ಯಮ ಗಾತ್ರದ ಘಟಕಗಳಿಗೂ ಇದಿಲ್ಲ. 2025ರ ಏಪ್ರಿಲ್‌ನಿಂದ ಸಣ್ಣ ಘಟಕದ ಮಿತಿ ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿಗೆ ಏರಿರುವುದರಿಂದ ಹಿಂದೆ ಹೊರಗಿದ್ದ ಕೆಲವರು ಈಗ ಒಳಗೆ ಬಂದಿದ್ದಾರೆ. ನಮ್ಮ ಗ್ರಾಹಕರಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ವರ್ಷಕ್ಕೊಮ್ಮೆ ನೋಡಿ ಹೇಳುವುದು ಯಾರ ಕೆಲಸ? ಸುಂಕ ತುಂಬುವ ಕೆಲಸಕ್ಕಷ್ಟೇ ಸಂಬಳ ಪಡೆಯುವ ಲೆಕ್ಕಿಗ ಅದನ್ನು ತನ್ನ ಕೆಲಸವೆಂದು ತಿಳಿಯುವುದಿಲ್ಲ.

ಬುಟಿಬೋರಿಯ ಒಬ್ಬ ಘಟಕದ ಮಾಲೀಕರೊಡನೆ ಈ ವಿಷಯ ಮಾತಾಡಿದಾಗ ಅವರು ಬಾಗಿಲು ಮುಚ್ಚಿ ಬಂದು ಕುಳಿತರು. “ಸಾಹೇಬ್, ನೀವು ಹೇಳುವುದು ನಿಜ. ಆದರೆ ಬಿಲ್ಲಿನ ಮೇಲೆ ಉದ್ಯಮ್ ನಂಬರು ಹಾಕಬೇಡಿ. ಅವರ ಖರೀದಿ ವಿಭಾಗದವರಿಗೆ ಅದು ಕಣ್ಣಿಗೆ ಬಿದ್ದರೆ ಬೇರೆಯವರನ್ನು ಹುಡುಕುತ್ತಾರೆ” ಎಂದರು. ಅವರ ಭಯ ಕಲ್ಪಿತವಲ್ಲ. ನೋಂದಣಿ ರದ್ದುಮಾಡಿಕೊಳ್ಳಿ, ಇಲ್ಲವೇ ಆರ್ಡರು ಮರೆತುಬಿಡಿ ಎಂಬ ಮಾತು ಹಲವು ಊರುಗಳ ಸಣ್ಣ ಪೂರೈಕೆದಾರರ ಕಿವಿಗೆ ಬಿದ್ದಿದೆ. ತನ್ನ ರಕ್ಷಣೆಗಾಗಿಯೇ ಬಂದ ಗುರುತನ್ನು ಮುಚ್ಚಿಟ್ಟುಕೊಂಡು ವ್ಯಾಪಾರ ಮಾಡಬೇಕಾದ ಸ್ಥಿತಿಗೆ ಯಾವ ಸರ್ಕಾರವೂ ಹೆಮ್ಮೆಪಡುವಂತಿಲ್ಲ. ಸಮಾಧಾನ್ ಜಾಲತಾಣವಿದೆ, ರಾಜ್ಯಗಳಲ್ಲಿ ಸೌಲಭ್ಯ ಮಂಡಳಿಗಳಿವೆ, 90 ದಿನಗಳೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ, ತೀರ್ಪಿನ ವಿರುದ್ಧ ಹೋಗುವ ಕೊಳ್ಳುಗ ಶೇ. 75ರಷ್ಟು ಹಣ ಠೇವಣಿ ಇಡಬೇಕು. ಎಲ್ಲವೂ ಇದೆ. ಆದರೆ ಇವೆಲ್ಲವೂ ಸಂಬಂಧ ಕಡಿದುಕೊಂಡ ಮೇಲೆ ಬಳಸುವ ಆಯುಧಗಳು; ನಾಳೆಯೂ ಅದೇ ಗೇಟಿಗೆ ಸರಕು ಒಯ್ಯಬೇಕಾದವನಿಗೆ ಇವು ಭಾರ.

ಹಾಗಾದರೆ ಸಂಬಂಧ ಕೆಡಿಸದೆ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ, ಅದು ನೀರಸವಾದ ಕೆಲಸ. ದಿನಗಳ ಎಣಿಕೆ ಆರಂಭವಾಗುವುದು ಸರಕನ್ನು ಒಪ್ಪಿಕೊಂಡ ದಿನದಿಂದ. ಸರಕು ತಲುಪಿದ 15 ದಿನಗಳೊಳಗೆ ಕೊಳ್ಳುವವನು ಲಿಖಿತವಾಗಿ ತಕರಾರು ಮಾಡದಿದ್ದರೆ ತಲುಪಿದ ದಿನವೇ ಒಪ್ಪಿದ ದಿನ. ಆದ್ದರಿಂದ ಗೇಟಿನಲ್ಲಿ ಮುದ್ರೆ ಬಿದ್ದ ಚಲನ್ ಒಂದು ಕಾಗದವಲ್ಲ, ಅದೇ ಸಾಕ್ಷಿ. ಬುಟಿಬೋರಿಯಲ್ಲಿ ಎಷ್ಟೋ ಘಟಕಗಳಲ್ಲಿ ಈ ಚಲನ್‌ಗಳು ಟೆಂಪೋ ಚಾಲಕನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಬಣ್ಣಗೆಡುತ್ತಿರುತ್ತವೆ. ಅಷ್ಟೇ ಅಲ್ಲ: ಸೂಕ್ಷ್ಮ, ಸಣ್ಣ ಘಟಕಗಳಿಗೆ 45 ದಿನ ಮೀರಿದ ಬಾಕಿ ಉಳಿಸಿಕೊಂಡ ಕಂಪನಿಗಳು 2019ರ ಆದೇಶದಂತೆ ಆರು ತಿಂಗಳಿಗೊಮ್ಮೆ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ವಿವರ ಕೊಡಬೇಕು. ಕೊಳ್ಳುವವನ ಜಿಎಸ್‌ಟಿಯಲ್ಲಿಯೂ 180 ದಿನದೊಳಗೆ ಹಣ ಕೊಡದಿದ್ದರೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂಬ ನಿಯಮವಿದೆ. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು ಬಿಲ್ಲುಗಳನ್ನು ಬ್ಯಾಂಕುಗಳಿಗೆ ಹರಾಜು ಹಾಕುವ ಟ್ರೆಡ್ಸ್ ವೇದಿಕೆಗೆ ಸೇರಲೇಬೇಕಾಗಿದೆ. ಇವುಗಳಲ್ಲಿ ಯಾವುದನ್ನು ಯಾವ ಗ್ರಾಹಕನೆದುರು, ಯಾವ ಸ್ವರದಲ್ಲಿ ಎತ್ತಬೇಕು ಎಂಬುದು ವಿವೇಚನೆಯ ಮಾತು. ಎಷ್ಟೋ ಸಲ ಮಾಲೀಕ ಖರೀದಿ ವಿಭಾಗದ ಬಾಗಿಲಲ್ಲಿ ನಿಂತು ಬೇಡುವುದಕ್ಕಿಂತ, ನಮ್ಮ ಲೆಕ್ಕಿಗ ಅವರ ಲೆಕ್ಕಪತ್ರ ವಿಭಾಗಕ್ಕೆ ಬಾಕಿ ದೃಢೀಕರಣದ ಸಾಧಾರಣ ಪತ್ರವೊಂದನ್ನು ಕಳುಹಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಲೆಕ್ಕಿಗರ ಭಾಷೆ ಲೆಕ್ಕಿಗರಿಗೆ ಅರ್ಥವಾಗುತ್ತದೆ. ಆ ಪತ್ರ ಕಡತದಲ್ಲಿ ಕುಳಿತರೆ ಮಾರ್ಚಿನಲ್ಲಿ ಅವರ ಪರಿಶೋಧಕ ಅದನ್ನು ಕಾಣದಿರಲಾರ.

ಈ ಮಾತಿನಲ್ಲಿ ನಮ್ಮ ಸಮಾಜದ ಪಾಲೂ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾಗದು. ನಮ್ಮವರೆಲ್ಲರೂ ಬಾಕಿಗಾಗಿ ಕಾಯುವವರಲ್ಲ, ಕಾಯಿಸುವವರೂ ಇದ್ದಾರೆ. ಪಂಚಕಲ್ಯಾಣ ಮಹೋತ್ಸವದಲ್ಲಿ ಲಕ್ಷಗಟ್ಟಲೆ ಸವಾಲು ಕೂಗಿ ಕಲಶ ಪಡೆಯುವ ಉದ್ಯಮಿಯ ಪುಸ್ತಕದಲ್ಲಿ, ಅದೇ ತಿಂಗಳು, ಬಣ್ಣದವನ, ಪೆಟ್ಟಿಗೆಯವನ, ಬೆಸುಗೆಯವನ ಬಿಲ್ಲು ನೂರು ದಿನ ದಾಟಿ ನಿಂತಿರುವುದುಂಟು. ಆ ದಾನದ ಒಂದು ಅಂಶ ಯಾರ ಹಣ ಎಂಬ ಪ್ರಶ್ನೆಯನ್ನು ಅವರ ಲೆಕ್ಕಿಗನಾದರೂ ಕೇಳಬೇಕಿತ್ತು.

ಇನ್ನು ಮಾಲೀಕನ ಮತ್ತೊಂದು ಪುಸ್ತಕದ ಮಾತು. ಬ್ಯಾಂಕಿಗೆ ಪ್ರತಿ ತಿಂಗಳು ದಾಸ್ತಾನು ಮತ್ತು ಬಾಕಿಗಳ ವಿವರ ಕೊಡಬೇಕಷ್ಟೆ. ಸಾಮಾನ್ಯವಾಗಿ 90 ದಿನ ಮೀರಿದ ಬಾಕಿಯನ್ನು ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗೆಂದರೆ, ದೊಡ್ಡವರು ಹಣ ತಡಮಾಡಿದಷ್ಟೂ ಸಣ್ಣವನಿಗೆ ಬ್ಯಾಂಕಿನಿಂದ ತೆಗೆಯಬಹುದಾದ ಹಣವೂ ಇಳಿಯುತ್ತದೆ. ಒಂದೇ ವಿಳಂಬ ಎರಡು ಕಡೆಯಿಂದ ಹಿಂಡುತ್ತದೆ. ಆಗ ಲೆಕ್ಕಿಗನ ಮೇಜಿಗೆ ಬರುವ ಬೇಡಿಕೆ ಸಣ್ಣ ದನಿಯದು: ಹಳೆಯ ಬಿಲ್ಲಿನ ತಾರೀಖು ಸ್ವಲ್ಪ ಮುಂದಕ್ಕೆ ಹಾಕಿ, ದಾಸ್ತಾನನ್ನು ಸ್ವಲ್ಪ ಏರಿಸಿ. ಇದು ದುರಾಸೆಯ ಬೇಡಿಕೆಯಲ್ಲ, ಉಸಿರುಗಟ್ಟಿದವನ ಬೇಡಿಕೆ. ಆದ್ದರಿಂದಲೇ ಇಲ್ಲವೆನ್ನುವುದು ಕಷ್ಟ. ಆದರೂ ಇಲ್ಲವೆನ್ನಬೇಕು. ಹೀಗೆ ಒಮ್ಮೆ ಏರಿಸಿದ ದಾಸ್ತಾನು ವರ್ಷಾಂತ್ಯದ ಅಢಾವೆ ಪತ್ರಿಕೆಗೆ ಹೊಂದುವುದಿಲ್ಲ. ಹೊಂದಿಸಲು ಲಾಭ ಏರಿಸಬೇಕು, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಬೇಕು, ಮುಂದಿನ ವರ್ಷ ಅದೇ ಸುಳ್ಳನ್ನು ಇನ್ನೂ ದೊಡ್ಡದಾಗಿ ಸಾಕಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ದಾಖಲೆ ಬರೆಯುವುದನ್ನು, ಬೇರೆಯಾಗಿಯೇ ಹೆಸರಿಸಿದೆ. ಬಾಯಿಮಾತಿನ ಸುಳ್ಳಿಗೂ ಬರೆದಿಟ್ಟ ಸುಳ್ಳಿಗೂ ಇರುವ ಅಂತರವನ್ನು ವ್ಯಾಪಾರಿ ಸಮಾಜವೊಂದು ಅಷ್ಟು ಹಿಂದೆಯೇ ಕಂಡಿತ್ತೆಂಬುದು ನನ್ನ ವೃತ್ತಿಯವನಿಗೆ ಕುತೂಹಲದ ಸಂಗತಿ. ಕೈ ಬರೆದವನದೋ ಬರೆಸಿದವನದೋ ಎಂಬ ವಾದ ನ್ಯಾಯಾಲಯದಲ್ಲಿ ನಡೆಯಬಹುದು. ವ್ರತದಲ್ಲಿ ಇಬ್ಬರಿಗೂ ಪಾಲುಂಟು.

ಲೆಕ್ಕಪರಿಶೋಧಕರ ಕಡೆಯಿಂದ ಆಗಿರುವ ಲೋಪವನ್ನೂ ಅಷ್ಟೇ ನೇರವಾಗಿ ಹೇಳಬೇಕು. ನಮ್ಮ ವೃತ್ತಿ 1949ರ ಕಾಯ್ದೆಯಿಂದ ಹುಟ್ಟಿದ್ದು. ತೆರಿಗೆ ಉಳಿಸಿದ್ದರಲ್ಲಿ ಅಥವಾ ಲಾಭದಲ್ಲಿ ಶೇಕಡಾವಾರು ಪಾಲು ಕೇಳಬಾರದು, ಹಿಂದಿನ ಪರಿಶೋಧಕರಿಗೆ ಲಿಖಿತವಾಗಿ ತಿಳಿಸದೆ ಅವರ ಸ್ಥಾನ ಒಪ್ಪಿಕೊಳ್ಳಬಾರದು, ಕಂಪನಿಯ ಲೆಕ್ಕವನ್ನು ತಾನೇ ಬರೆದು ತಾನೇ ಪರಿಶೋಧಿಸಬಾರದು ಎಂಬ ಕಟ್ಟುಗಳು ನಮಗಿವೆ. 2019ರ ಜುಲೈಯಿಂದ ನಾವು ಸಹಿ ಹಾಕುವ ಪ್ರತಿ ವರದಿ, ಪ್ರಮಾಣಪತ್ರಕ್ಕೂ 18 ಅಂಕಿಗಳ ಯುಡಿಐಎನ್ ಸಂಖ್ಯೆ ಬೇಕು. ಬ್ಯಾಂಕಿನವರು ಅದನ್ನು ಸಂಸ್ಥೆಯ ತಾಣದಲ್ಲಿ ಪರಿಶೀಲಿಸಿಕೊಳ್ಳಬಹುದು. ತಪ್ಪು ವರದಿ ಕೊಟ್ಟರೆ ದಂಡ ನಮ್ಮ ತಲೆಗೇ. ಇಷ್ಟೆಲ್ಲ ಕಟ್ಟುಗಳಿದ್ದರೂ ಸಣ್ಣ ಗ್ರಾಹಕನೊಡನೆ ನಮ್ಮ ವ್ಯವಹಾರ ಬಹುಮಟ್ಟಿಗೆ ಬಾಯಿಮಾತಿನದು. ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಶುಲ್ಕವೆಷ್ಟು, ಕಾಗದ ಯಾವ ದಿನದೊಳಗೆ ಬರಬೇಕು ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿರುವ ಕಡತ ಬುಟಿಬೋರಿಯಲ್ಲಿ ಎಷ್ಟು ಘಟಕಗಳಲ್ಲಿ ಸಿಕ್ಕೀತು?

ಅದಕ್ಕಿಂತ ಗಂಭೀರವಾದುದು ಕೀಲಿಗಳ ಪ್ರಶ್ನೆ. ಜಿಎಸ್‌ಟಿ ತಾಣದಲ್ಲಿ ನೋಂದಾಯಿಸಿದ ಮೊಬೈಲು ಲೆಕ್ಕಿಗನದು, ಮಿಂಚಂಚೆ ಅವನ ಕಚೇರಿಯದು, ಪಾಸ್‌ವರ್ಡು ಅವನ ಹುಡುಗನ ಡೈರಿಯಲ್ಲಿ, ಮಾಲೀಕನ ಡಿಜಿಟಲ್ ಸಹಿಯ ಕಡ್ಡಿ ಅವನ ಕಪಾಟಿನಲ್ಲಿ. ಅನುಕೂಲಕ್ಕೆಂದು ಆರಂಭವಾದದ್ದು ಅವಲಂಬನೆಯಾಗಿ ನಿಂತಿದೆ. ನೋಟಿಸು ತಾಣದಲ್ಲಿ ಬಂದು ಉತ್ತರದ ಗಡುವು ಮುಗಿದರೂ ಮಾಲೀಕನಿಗೆ ಸುದ್ದಿಯೇ ಇರುವುದಿಲ್ಲ. ಜಗಳವಾಗಿ ಲೆಕ್ಕಿಗನನ್ನು ಬದಲಿಸಹೊರಟರೆ ಟ್ಯಾಲಿಯ ಕಡತವನ್ನು ಕೊಡಿಸಿಕೊಳ್ಳಲು ಮಧ್ಯಸ್ಥರು ಬೇಕಾಗುತ್ತದೆ. ಲೆಕ್ಕ ಮಾಲೀಕನ ಆಸ್ತಿ. ಅದನ್ನು ಒತ್ತೆಯಿಟ್ಟುಕೊಳ್ಳುವುದು ವೃತ್ತಿಗೆ ಶೋಭೆಯಲ್ಲ. ಮರುಮಾತಾಗಿ ಹೇಳುವುದಾದರೆ, ಹಿಂದಿನ ಪರಿಶೋಧಕರ ತಕರಾರಿಲ್ಲದ ಶುಲ್ಕವನ್ನು ಉಳಿಸಿಕೊಂಡು ಹೊಸಬರ ಬಳಿಗೆ ಓಡುವ ಮಾಲೀಕರಿದ್ದಾರೆಂದೇ ನಮ್ಮ ಸಂಸ್ಥೆ ಅದಕ್ಕೂ ಒಂದು ನಿಯಮ ಮಾಡಬೇಕಾಯಿತು.

ಲೆಕ್ಕಿಗನೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಕರ್ನಾಟಕ ಕಂಡಿತು. ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಯವರು ಲಕ್ಷಾಂತರ ರೂಪಾಯಿಯ ಬೇಡಿಕೆ ಕಂಡು ಕಂಗಾಲಾದರು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕೆಳಗಿಳಿದು ‘ನಗದು ಮಾತ್ರ’ ಎಂಬ ಚೀಟಿ ಏರಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕೆಂಬುದು, ತಾಜಾ ತರಕಾರಿಗೆ ತೆರಿಗೆಯೇ ಇಲ್ಲವೆಂಬುದು, ಒಂದೂವರೆ ಕೋಟಿವರೆಗೆ ಶೇ. 1ರ ರಾಜಿ ತೆರಿಗೆ ಪದ್ಧತಿ ಇದೆಯೆಂಬುದು ಗೊತ್ತಿದ್ದವರು ಎಷ್ಟು ಮಂದಿ? ಒಂದೇ ಖಾತೆಗೆ ಅಂಗಡಿಯ ಹಣ, ಕೈಸಾಲ, ತಂಗಿ ಕಳುಹಿಸಿದ ಹಣ ಎಲ್ಲವೂ ಬಂದಿದ್ದವರು ಯಾವುದು ಯಾವುದೆಂದು ವಿಂಗಡಿಸಲು ಪರದಾಡಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಸಂಘಗಳ ಸಭೆ ಕರೆದು, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದ ಮೇಲೆ ಬಿಸಿ ಇಳಿಯಿತು. ರಾಜಕೀಯವಾಗಿ ಅದು ಸರಿಯಾದ ನಡೆ. ಆದರೆ ಪ್ರಕರಣ ಹುಟ್ಟಿದ್ದೇ ಮೊದಲು ದಂಡ, ಆಮೇಲೆ ತಿಳುವಳಿಕೆ ಎಂಬ ಆಡಳಿತದ ಅಭ್ಯಾಸದಿಂದ. ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ ಕೊಟ್ಟು ಒಬ್ಬ ಲೆಕ್ಕಿಗನನ್ನು ಇಟ್ಟುಕೊಳ್ಳಬಹುದಾಗಿದ್ದವರು, ಇಟ್ಟುಕೊಂಡರೆ ಇಲಾಖೆಯ ಕಣ್ಣಿಗೆ ಬೀಳುತ್ತೇವೆಂದು ಹೆದರಿ ದೂರವುಳಿದಿದ್ದರು.

ಹೆದರಿಕೆ ಏಕೆಂದರೆ ಸರ್ಕಾರಗಳು, ಯಾವ ಪಕ್ಷದವೇ ಇರಲಿ, ಲೆಕ್ಕಿಗನನ್ನು ತಮ್ಮ ಸಂಬಳವಿಲ್ಲದ ಕಾವಲುಗಾರನಾಗಿ ಮಾಡಿಕೊಂಡಿವೆ. 2022ರ ಜನವರಿಯಿಂದ, ಮಾರಿದವನು ತನ್ನ ರಿಟರ್ನಿನಲ್ಲಿ ಬಿಲ್ಲು ತೋರಿಸದಿದ್ದರೆ ಕೊಂಡವನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದರೆ ಬುಟಿಬೋರಿಯ ಬೆಸುಗೆ ಘಟಕವು ತನಗೆ ಉಕ್ಕು ಮಾರಿದವನ ಪ್ರಾಮಾಣಿಕತೆಗೂ ಜವಾಬ್ದಾರ. ಮಾರಿದವನನ್ನು ಹಿಡಿಯುವುದು ಇಲಾಖೆಯ ಕೆಲಸವಾಗಿತ್ತು. ಅದನ್ನು ಕೊಂಡವನ ಲೆಕ್ಕಿಗನ ಮೇಜಿಗೆ ವರ್ಗಾಯಿಸಲಾಗಿದೆ. ತಿಂಗಳ ಸಮಯವೆಲ್ಲ ಈ ಹೊಂದಾಣಿಕೆಯಲ್ಲೇ ಕಳೆದುಹೋದರೆ ಬಾಕಿಗಳ ವಯಸ್ಸು ನೋಡಲು ಬಿಡುವೆಲ್ಲಿ? ನಮೂನೆಗಳು ತಡವಾಗಿ ಬರುತ್ತವೆ, ಜಾಲತಾಣ ಗಡುವಿನ ದಿನ ಏದುಸಿರು ಬಿಡುತ್ತದೆ, ಗಡುವು ವಿಸ್ತರಣೆಗೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜಸ್ಥಾನ ಮತ್ತು ಕರ್ನಾಟಕ ಉಚ್ಚ ನ್ಯಾಯಾಲಯಗಳು ತೆರಿಗೆ ಪರಿಶೋಧನಾ ವರದಿಯ ಗಡುವನ್ನು ಒಂದು ತಿಂಗಳು ಮುಂದೂಡಲು ಸೂಚಿಸಿದ ಮೇಲೆಯೇ ಕೇಂದ್ರ ಮಂಡಳಿ ಅಕ್ಟೋಬರ್ 31ರವರೆಗೆ ಅವಕಾಶ ಕೊಟ್ಟಿತು. ವ್ಯಾಪಾರ ಸುಗಮತೆಯ ಭಾಷಣಗಳನ್ನು ಕೇಳುವಾಗ ಈ ಸೆಪ್ಟೆಂಬರುಗಳನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಸರ್ಕಾರ ಬದಲಾಗುವವರೆಗೆ ಕಾಯುವ ಅಗತ್ಯವಿಲ್ಲದ ಕೆಲವು ಸಂಗತಿಗಳಿವೆ. ತಾಣಗಳ ಮೊಬೈಲು ಸಂಖ್ಯೆ, ಮಿಂಚಂಚೆ ಮಾಲೀಕನದಾಗಿರಲಿ; ಲೆಕ್ಕಿಗನಿಗೆ ಬೇಕಾದಾಗ ಒಟಿಪಿ ಕೊಡುವ ಕಿರಿಕಿರಿಯನ್ನು ಸಹಿಸಿಕೊಳ್ಳಬೇಕು. ತಿಂಗಳಲ್ಲಿ ಒಂದು ದಿನ, 11 ಮತ್ತು 20ರ ಗದ್ದಲದಿಂದ ದೂರದ ಒಂದು ದಿನ, ಇಬ್ಬರೂ ಅರ್ಧ ಗಂಟೆ ಕೂರಲಿ. ಮೇಜಿನ ಮೇಲೆ ಎರಡೇ ಹಾಳೆ ಸಾಕು: ಯಾರಿಂದ ಎಷ್ಟು ದಿನದ ಬಾಕಿ ಬರಬೇಕು, ಯಾರಿಗೆ ಎಷ್ಟು ದಿನದ ಬಾಕಿ ಕೊಡಬೇಕು. ಆ ಘಟಕದಲ್ಲಿ ಬಿಲ್ಲು ಬರೆಯುವವರು ಮಾಲೀಕರ ಹೆಂಡತಿಯೋ ಸೊಸೆಯೋ ಆಗಿದ್ದರೆ, ಹಲವು ಕಡೆ ಅವರೇ, ಅವರೂ ಆ ಮೇಜಿನಲ್ಲಿ ಕೂರಲಿ. ಚಹಾ ತಂದಿಟ್ಟು ಹೋಗುವುದಕ್ಕಲ್ಲ, ಯಾವ ಚಲನ್ ಎಲ್ಲಿದೆ ಎಂದು ಬಲ್ಲವರು ಅವರೇ ಆದ್ದರಿಂದ. ಹೊಸ ಗ್ರಾಹಕನ ಮೊದಲ ಆರ್ಡರು ಒಪ್ಪುವಾಗಲೇ ಪಾವತಿಯ ದಿನವನ್ನು ಬರೆಸಿಕೊಳ್ಳುವುದು, ಬಿಲ್ಲಿನ ಮುದ್ರಿತ ನಮೂನೆಯಲ್ಲೇ ಉದ್ಯಮ್ ಸಂಖ್ಯೆ ಇರುವುದು ಸುಲಭ. ಹಳೆಯ ಗ್ರಾಹಕನಿಗೆ ನಡುವೆ ಅದನ್ನು ಹಚ್ಚಿದಾಗ ಮಾತ್ರ ಅದು ಬೆದರಿಕೆಯಂತೆ ಕಾಣುತ್ತದೆ.

ಕೊಡಬೇಕಾದವರ ಹಾಳೆಯಲ್ಲಿ ಇನ್ನೊಂದು ಹೆಸರಿರುತ್ತದೆ. ಲೆಕ್ಕಪರಿಶೋಧನೆಯೂ ಸೇವೆಯೇ, ನಮ್ಮಲ್ಲಿ ಅನೇಕ ಕಚೇರಿಗಳು ಉದ್ಯಮ್‌ನಲ್ಲಿ ಸೂಕ್ಷ್ಮ ಘಟಕಗಳಾಗಿ ನೋಂದಣಿಯಾಗಿವೆ. ನೂರಿಪ್ಪತ್ತು ದಿನ ಕಾಯಿಸುವ ಗ್ರಾಹಕನನ್ನು ಶಪಿಸುವ ಮಾಲೀಕನ ಪುಸ್ತಕದಲ್ಲಿ ತನ್ನ ಲೆಕ್ಕಿಗನ ಕಳೆದ ದೀಪಾವಳಿಯ ಬಿಲ್ಲು ಹಾಗೆಯೇ ಕುಳಿತಿರುವುದು ಅಪರೂಪವೇನಲ್ಲ. ಮಾರ್ಚ್ 31ರಂದು ಆ ಮೊತ್ತವೂ ಅವನ ವೆಚ್ಚದಿಂದ ಹೊರಗೆ ಬೀಳುತ್ತದೆ, ಅವನ ತೆರಿಗೆ ವರದಿಯಲ್ಲಿ ಅದನ್ನು ನಮೂದಿಸಬೇಕಾದವನು ಅದೇ ಲೆಕ್ಕಿಗ. ಸಂಕೋಚದಿಂದ ಆ ಒಂದು ಸಾಲನ್ನು ಬಿಟ್ಟು ಸಹಿ ಹಾಕುವವರೂ ನಮ್ಮಲ್ಲಿದ್ದಾರೆ.